ಅರವತ್ತಾರಡಿ ಸರಪಳಿ

೧೮೭೨, ಆಗಸ್ಟ್ ೧೯, ಸೋಮವಾರ. ತೊರೆ ಬದಿಯ ಬಿಡಾರ

ಆರು ವರ್ಷದ ಮೇಲೆ ಮತ್ತೆ ಡೇರೆಯಲ್ಲಿ ಮಲಗುವ ಯೋಗ ಬಂದಿದೆ. ಲೋನ್ ಪೈನ್ ರೈಲ್ವೆಯ ಉಪಾಧ್ಯಕ್ಷ, ಐವತ್ತನಾಲ್ಕು ದಾಟಿದ ಆಸಹೆಲ್ ಪ್ರೂಟ್, ನೆಲದ ಮೇಲೆ ಕಂಬಳಿ ಹಾಸಿಕೊಂಡು ಬಿದ್ದಿದ್ದೇನೆ. ಕಚೇರಿಯ ಚರ್ಮದ ಕುರ್ಚಿ ಕಣ್ಣ ಮುಂದೆ ಬರುತ್ತಿದೆ. ಕಾಫಿಯಂತೂ ಬೂಟು ತೊಳೆದ ನೀರು.

ಇದಕ್ಕೆಲ್ಲ ಆ ಕಿಟ್ರೆಜ್ ಕಾರಣ. ರೂಫಸ್ ಕಿಟ್ರೆಜ್, ಕಾಲೇಜಿನಲ್ಲಿ ಓದಿದ ಎಂಜಿನಿಯರು, ಬಿಳಿ ಕಾಲರು. ಫಿಲಡೆಲ್ಫಿಯಾದ ನಿರ್ದೇಶಕರು ವಸಂತದಲ್ಲಿ ಅವನನ್ನು ಕಳಿಸಿದ್ದರು. ಗಾಳಿಯ ಒತ್ತಡ ನೋಡಿ ಎತ್ತರ ಹೇಳುವ, ಕಿಸೆ ಗಡಿಯಾರದಷ್ಟಿರುವ ಒಂದು ಆಟಿಕೆ ಹಿಡಿದು ಎರಡು ದಿನ ಕುದುರೆ ಮೇಲೆ ಈ ಘಾಟಿ ದಾಟಿಹೋದನಂತೆ. ಹೋಗಿ ವರದಿ ಬರೆದ: 'ಪ್ರೂಟ್ ಅವರ ರೈಲು ಗೆರೆ ನೂರಡಿಗೆ ಐದೂವರೆ ಅಡಿಗಿಂತ ಹೆಚ್ಚು ಏರುತ್ತದೆ. ಯಾವ ಇಂಜಿನ್ನೂ ಇದನ್ನು ಹತ್ತಲಾರದು.'

ಐದೂವರೆಯಂತೆ! ಆರು ವರ್ಷದ ಹಿಂದೆ ಈ ತೊರೆಯಿಂದ ಘಾಟಿಯ ನೆತ್ತಿಯವರೆಗೆ ಸರಪಳಿ ಎಳೆಸಿ, ಗೂಟ ಹೊಡೆಸಿ ಅಳೆದವನು ನಾನು. ನೂರಡಿಗೆ ನಾಲ್ಕಡಿಗಿಂತ ಒಂದಿಷ್ಟು ಕಡಿಮೆ. ನಾಲ್ಕರ ಒಳಗಿದ್ದರೆ ಇಂಜಿನ್ ಹತ್ತುತ್ತದೆ, ಮೀರಿದರೆ ಇಲ್ಲ. ಅಷ್ಟೇ ಕಥೆ.

ಅಕ್ಟೋಬರ್ ಒಂದಕ್ಕೆ ನಿರ್ದೇಶಕರ ಸಭೆ. ಕಿಟ್ರೆಜ್‌ನ ಮಾತು ಗೆದ್ದರೆ ರೈಲು ದಕ್ಷಿಣದ ಬಯಲು ಹಿಡಿದು ಹೋಗುತ್ತದೆ. ಘಾಟಿಯ ಆಚೆಗಿರುವ ಕ್ಲೆಮೆನ್ಸಿ ಊರು, ಅದರ ಬೆಳ್ಳಿ ಗಣಿಗಳು, ಎಂಟು ನೂರು ಜನ, ಎಲ್ಲರೂ ಹೇಸರಗತ್ತೆಗಳನ್ನೇ ನಂಬಿಕೊಂಡು ಕೂತಿರಬೇಕು. ಆ ಜನಕ್ಕೆ ರೈಲು ತರುತ್ತೇನೆಂದು ಮಾತು ಕೊಟ್ಟವನು ನಾನು. ಅದಕ್ಕೇ ಸಭೆಗೆ ಬರೆದುಕೊಟ್ಟಿದ್ದೇನೆ: 'ನಾನೇ ಹೋಗಿ ಮತ್ತೆ ಅಳೆಸುತ್ತೇನೆ. ನನ್ನ ಗೆರೆ ತಪ್ಪಿದ್ದರೆ ನನ್ನ ಕುರ್ಚಿ ನಿಮ್ಮದು.'

ತಪ್ಪುವುದಿಲ್ಲ. ನಕಾಶೆಯಲ್ಲಿ ಘಾಟಿಗೆ ಆಗಲೇ ಹೆಸರನ್ನೂ ಬರೆಸಿಟ್ಟಿದ್ದೇನೆ, ಶಾಯಿಯಲ್ಲಿ: ಪ್ರೂಟ್ ಘಾಟಿ.

ಆಗಸ್ಟ್ ೨೧

ಸರಪಳಿ ಎಳೆಯಲು ಹಳೆಯ ಗೆರಾಟಿಯನ್ನೇ ಹುಡುಕಿಸಿ ಕರೆಸಿದ್ದೇನೆ. ಡೆನಿಸ್ ಗೆರಾಟಿ, ಐರಿಷ್ ಮನುಷ್ಯ, ಆಗಲೂ ಅವನೇ ಇದ್ದ. ತಲೆ ಬೆಳ್ಳಗಾಗಿದೆ, ನಾಲಿಗೆ ಮಾತ್ರ ಹಾಗೇ ಇದೆ.

"ಕ್ಯಾಪ್ಟನ್ರೇ, ಹೊಟ್ಟೆ ಚೆನ್ನಾಗಿ ಬೆಳ್ಸಿದೀರಿ. ಬೆಟ್ಟ ಹತ್ಬೇಕಾದ್ರೆ ಮೊದ್ಲು ಅದೇ ನೆತ್ತಿ ಮುಟ್ಟತ್ತೆ ಬಿಡಿ" ಅಂದ.

"ನಿನ್ನ ಕೆಲಸ ಎಳೆಯೋದು, ಮಾತಾಡೋದಲ್ಲ" ಅಂದೆ. ಇಂಥವರನ್ನು ಮೊದಲ ದಿನವೇ ಅವರ ಜಾಗದಲ್ಲಿ ಇಡದಿದ್ದರೆ ತಲೆ ಮೇಲೆ ಹತ್ತಿ ಕೂರುತ್ತಾರೆ.

ಕೆಲಸ ಶುರುವಾಯಿತು. ನೂರಡಿ ಸರಪಳಿ. ಮುಂದಿನವನು ಪ್ರತಿ ಸರಪಳಿಗೆ ಒಂದು ಕಬ್ಬಿಣದ ಕಡ್ಡಿ ನೆಲಕ್ಕೆ ಚುಚ್ಚುತ್ತ ಹೋಗುತ್ತಾನೆ, ಹಿಂದೆ ಬರುವ ಗೆರಾಟಿ ಕಿತ್ತುಕೊಳ್ಳುತ್ತಾನೆ. ಕೈಯಲ್ಲಿ ಹತ್ತಾದ ಕೂಡಲೇ "ಹತ್ತಾಯ್ತು!" ಎಂದು ಬೆಟ್ಟ ಮೊಳಗುವಂತೆ ಕೂಗಬೇಕು. ನಾನು ಪುಸ್ತಕದಲ್ಲಿ ಒಂದು ಗೀಟು ಎಳೆಯುತ್ತೇನೆ. ಒಂದು ಕೂಗು ಮರೆತರೆ ಸಾವಿರ ಅಡಿ ಗಾಳಿಗೆ ಹೋಯಿತೆಂದೇ ಅರ್ಥ. ಅದಕ್ಕೇ ಕೂಗುವವನ ಮೇಲೆ ಒಂದು ಕಣ್ಣಿಟ್ಟಿರಬೇಕು.

ಕಾಫಿ ಇವತ್ತು ನಿನ್ನೆಗಿಂತ ಕೆಟ್ಟದು.

ಆಗಸ್ಟ್ ೨೪

ಸೊಂಟ ಹೋಯಿತು. ಮಳೆ. ಬರೆಯಲು ಏನೂ ಇಲ್ಲ.

ಆಗಸ್ಟ್ ೨೬

ಬಿಡಾರಕ್ಕೆ ಹಾಲು ಬೆಣ್ಣೆ ಮಾರಲು ಒಬ್ಬಳು ಹೆಂಗಸು ಬರುತ್ತಾಳೆ. ಮಿಸೆಸ್ ಟ್ರೆವೆನಾ, ಕಾರ್ನಿಷ್ ಗಣಿಗಾರನ ವಿಧವೆ, ಕ್ಲೆಮೆನ್ಸಿಯವಳು. ಬೇಸಿಗೆಯಲ್ಲಿ ಆರು ಹಸುಗಳನ್ನು ಘಾಟಿ ದಾಟಿಸಿಕೊಂಡು ಈ ಕಡೆಯ ಹುಲ್ಲುಗಾವಲಿಗೆ ತರುತ್ತಾಳಂತೆ. ಮಾಂಸ, ಆಲೂಗೆಡ್ಡೆ ತುಂಬಿದ ಕಡುಬಿನಂಥ ರೊಟ್ಟಿಯೊಂದನ್ನು ನನ್ನ ಕೈಗಿಟ್ಟಳು. ಚೆನ್ನಾಗಿತ್ತು, ಸುಳ್ಳು ಹೇಳಬಾರದು.

"ರೈಲು ಬರತ್ತೇನಪ್ಪಾ ನಿಜವಾಗ್ಲೂ?" ಎಂದು ಕೇಳಿದಳು. "ನನ್ನ ಯಜಮಾನ್ರು ಸಾಯೋವಾಗ್ಲೂ ಇದನ್ನೇ ಕೇಳ್ತಿದ್ರು. ಡಾಕ್ಟ್ರು ಬರೋಕೆ ನಾಲ್ಕು ದಿನ ಹಿಡೀತು."

"ಬರುತ್ತಮ್ಮಾ. ನನ್ನ ಗೆರೆ ಇದೆಯಲ್ಲ" ಅಂದೆ.

ಮಾತು ಬೆಳೆಸಲು ಹೊರಟಳು, ಹಸುಗಳ ಗುಣಗಾನ. ಕೆಂಪು ಹಸುವಿನ ಹೆಸರು ಡಚೆಸ್ ಅಂತೆ. ನನಗೆ ಪುರುಸೊತ್ತಿಲ್ಲವೆಂದು ಕಳಿಸಿದೆ.

ಆಗಸ್ಟ್ ೨೭

ಕುಡುಕ!

ಮೇಲಿನ ಗೂಟಗಳನ್ನು ಆರು ಚಳಿಗಾಲದ ಹಿಮ ಕೊಚ್ಚಿಕೊಂಡು ಹೋಗಿದೆ. ಇವತ್ತು ಒಂದು ಬಂಡೆಯ ಮರೆಯಲ್ಲಿ ಹಳೆಯ ಗೂಟ ಸಿಕ್ಕಿತು. ಕೆಂಪು ಸೀಮೆಸುಣ್ಣದಲ್ಲಿ ನನ್ನದೇ ಅಕ್ಷರ: ೧೦೦. ತೊರೆಯಿಂದ ನೂರನೆಯ ಸರಪಳಿ. ಎದೆ ತುಂಬಿ ಬಂತು. ಪುಸ್ತಕ ನೋಡುತ್ತೇನೆ, ಬರೀ ಅರವತ್ತಾರು! ಆರು ಸಲ "ಹತ್ತಾಯ್ತು", ಮೇಲೆ ಆರು ಕಡ್ಡಿ. ಈ ಗೆರಾಟಿ ಮೂರಕ್ಕೂ ಹೆಚ್ಚು ಕೂಗು ನುಂಗಿದ್ದಾನೆ. ಮೂರು!

"ನೀನು ಕುಡಿದಿದ್ದೀಯ" ಅಂದೆ, ಎಲ್ಲರ ಎದುರಿಗೆ.

"ಶುಕ್ರವಾರದಿಂದ ಒಂದು ಹನಿ ಮುಟ್ಟಿಲ್ಲ. ನಾನು ಕೂಗಿದ್ದು ಆರು, ಇರೋದೂ ಆರೇ."

"ಮತ್ತೆ ಈ ಗೂಟ ಸುಳ್ಳು ಹೇಳುತ್ತಾ?"

"ಗೂಟ ಮಾತಾಡಲ್ಲ ಕ್ಯಾಪ್ಟನ್ರೇ. ಅದರ ಮೇಲೆ ಬರ್ದವರು ಮಾತಾಡ್ಬೇಕು" ಎಂದು ಕಡ್ಡಿಗಳನ್ನು ನನ್ನ ಕಾಲ ಬುಡಕ್ಕೆ ಎಸೆದು ಹೋದ.

ಇಂಥ ಸೊಕ್ಕು! ನಾಳೆ ಮತ್ತೆ ತೊರೆಯಿಂದ ಎಳೆಸುತ್ತೇನೆ. ಬೇರೆಯವರ ಕೈಯಲ್ಲಿ.

ಆಗಸ್ಟ್ ೨೮

ಬೇರೆಯವರ ಕೈಯಲ್ಲೂ ಅರವತ್ತಾರು.

ಎಲ್ಲರೂ ಸೇರಿ ನನ್ನನ್ನು ಆಡಿಸುತ್ತಿದ್ದಾರೆ ಅಂದುಕೊಂಡೆ. ನಾಳೆ ಕಡ್ಡಿ ನಾನೇ ಕೀಳುತ್ತೇನೆ.

ಆಗಸ್ಟ್ ೨೯

ಮಂಡಿಯೂರಿಕೊಂಡು, ತೆವಳಿಕೊಂಡು, ಪ್ರತಿಯೊಂದು ಕಡ್ಡಿಯನ್ನೂ ನನ್ನ ಬೆರಳಿಂದ ಕಿತ್ತೆ. ಕೂಗಿದೆ. ಗಂಟಲು ಕಟ್ಟುವ ಹಾಗೆ ಕೂಗಿದೆ.

ಅರವತ್ತಾರು.

ಆಗಸ್ಟ್ ೩೦

ನಿನ್ನೆ ಅದಕ್ಕಿಂತ ಹೆಚ್ಚು ಬರೆಯಲಾಗಲಿಲ್ಲ. ಇವತ್ತು ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಾಳೆ ನನಗೆ ನಾನೇ ಇನ್ನೊಂದು ಕಥೆ ಕಟ್ಟಿಕೊಂಡೇನು.

ಆರು ವರ್ಷದ ಹಿಂದೆ ಇದೇ ತೊರೆ ದಾಟುವಾಗ ನಮ್ಮ ಹೇಸರಗತ್ತೆ ಡೆಲೈಲಾ ಕೊಚ್ಚಿಹೋಯಿತು. ಅದರ ಬೆನ್ನ ಮೇಲೆ ನೂರಡಿ ಸರಪಳಿ ಇತ್ತು. ರೈಲಿನವರ ಸರಪಳಿ ನೂರಡಿ, ಜಮೀನು ಅಳೆಯುವವರದು ಅರವತ್ತಾರಡಿ. ಕೆಳಗಿನ ಬಯಲಲ್ಲಿ ಹೊಲ ಅಳೆಯುತ್ತಿದ್ದವರಿಂದ ಅವರ ಸರಪಳಿಯನ್ನೇ ಕಡ ತಂದು ತೊರೆಯಿಂದ ನೆತ್ತಿಯವರೆಗೆ ಎಳೆಸಿದೆ. ನನಗಾಗ ವಿಪರೀತ ಜ್ವರ. ಚಳಿಗಾಲದಲ್ಲಿ ಕಚೇರಿಯಲ್ಲಿ ಕೂತು ನಕಾಶೆ ಬರೆಯುವಾಗ ಪ್ರತಿ ಗೂಟಕ್ಕೂ ನೂರಡಿ ಎಂದೇ ಲೆಕ್ಕ ಹಿಡಿದೆ. ಅಭ್ಯಾಸ. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು, ನನ್ನ ಕೈ ನನ್ನನ್ನು ಕೇಳಲೇ ಇಲ್ಲ.

ಗೂಟಗಳು ಸರಿ. ಎತ್ತರ ಸರಿ. ದಾರಿ ಮಾತ್ರ ನಾನು ಬರೆದದ್ದರಲ್ಲಿ ಮೂರನೇ ಒಂದು ಪಾಲು ಇಲ್ಲವೇ ಇಲ್ಲ. ಏರು ಐದೂಮುಕ್ಕಾಲಿಗೆ ಹತ್ತಿರ. ಕಿಟ್ರೆಜ್‌ನ ಆಟಿಕೆ ಸರಿಯಾಗಿಯೇ ಹೇಳಿದೆ.

ಬೆಳಿಗ್ಗೆ ಬೇಗ ಎದ್ದು ಕಾಫಿ ಮಾಡಿ ಗೆರಾಟಿಯ ಡೇರೆಗೆ ತೆಗೆದುಕೊಂಡು ಹೋದೆ. ಅವನು ಗಂಟು ಕಟ್ಟುತ್ತಿದ್ದ.

"ಡೆಲೈಲಾ" ಅಂದೆ.

ಅವನ ಕಣ್ಣು ಅಗಲವಾಯಿತು. "ಅಯ್ಯೋ ದೇವ್ರೇ. ಆ ಚೋಟು ಸರಪಳಿ! ಅವತ್ತೇ ಹೇಳಿದ್ನಲ್ಲ ಕ್ಯಾಪ್ಟನ್ರೇ, ಇದು ಗಿಡ್ಡ, ಪುಸ್ತಕದಲ್ಲಿ ಗುರುತು ಹಾಕ್ಕೊಳ್ಳಿ ಅಂತ. ನೀವೇನಂದ್ರಿ, ನೆನಪಿದ್ಯಾ? 'ನೀನು ಎಳಿ. ಲೆಕ್ಕ ನಾನು ನೋಡ್ಕೋತೀನಿ.'"

ನೆನಪಿತ್ತು. ಆಮೇಲೆ ಅವನು ಕಾಫಿ ಕುಡಿದು ಮುಖ ಹಿಂಡಿದ. "ನೀವು ಮಾಡಿದ್ದಾ? ಹಾಗಾದ್ರೆ ಹಿಂದಿನ ದಿನಗಳ ಕಾಫಿ ಬೈದಿದ್ದಕ್ಕೆ ಅಡುಗೆಯವನ ಹತ್ರ ಕ್ಷಮೆ ಕೇಳಿ."

ಗಂಟು ಬಿಚ್ಚಿ ಒಳಗಿಟ್ಟ.

ಆಗಸ್ಟ್ ೩೧

ಗೆರಾಟಿ ಹೇಳುತ್ತಾನೆ, ಹಳೆಯ ಗೂಟವನ್ನೂ ಹೊಸ ಪುಸ್ತಕವನ್ನೂ ಒಲೆಗೆ ಹಾಕಿಬಿಡಿ, ಯಾರಿಗೆ ಗೊತ್ತಾಗುತ್ತೆ ಎಂದು. ಒಂದು ಗಳಿಗೆ ಮನಸ್ಸು ಆ ಕಡೆ ವಾಲಿತು, ಇಲ್ಲವೆನ್ನಲಾರೆ. ಆದರೆ ಆ ಏರಿನ ಮೇಲೆ ಇಂಜಿನ್ ಜಾರಿ ಹಿಂದಕ್ಕೆ ಬಂದರೆ? ಹಿಂದಿನ ಡಬ್ಬಿಗಳಲ್ಲಿ ಕೂತವರು ಮಿಸೆಸ್ ಟ್ರೆವೆನಾಳಂಥ ಜನ.

ಬೇಕಾದದ್ದು ಎರಡು ಮೈಲಿ. ಅದೇ ಎತ್ತರವನ್ನು ಇನ್ನೂ ಎರಡು ಮೈಲಿ ಉದ್ದದ ದಾರಿಯಲ್ಲಿ ಹಂಚಿದರೆ ಏರು ನಾಲ್ಕರೊಳಗೆ ಬರುತ್ತದೆ. ಎರಡು ಮೈಲಿಯನ್ನು ಎಲ್ಲಿಂದ ತರಲಿ? ಒಂದು ಕಡೆ ಬಂಡೆಗೋಡೆ, ಇನ್ನೊಂದು ಕಡೆ ಪ್ರಪಾತ. ಕಿಟ್ರೆಜ್ ಏಳನೇ ತಾರೀಖು ಬರುತ್ತಾನಂತೆ, ನನ್ನ ಅಳತೆ ಪರೀಕ್ಷಿಸಲು.

ಸೆಪ್ಟೆಂಬರ್ ೧, ಭಾನುವಾರ

ಬೈಬಲ್ ಓದಿ ಮುಗಿಸಿ ಸುಮ್ಮನೆ ಕೂತಿದ್ದೆ. ಮಿಸೆಸ್ ಟ್ರೆವೆನಾ ಹಾಲು ತಂದಳು. ಎಂದಿನಂತೆ ಕಳಿಸಿಬಿಡುವಷ್ಟು ಕೆಲಸ ಇವತ್ತು ಇರಲಿಲ್ಲ. ಕೂರು ಅಂದೆ. ರೈಲು ಬರುವುದು ಕಷ್ಟ, ತಪ್ಪು ನನ್ನದೇ ಅಂತಲೂ ಹೇಳಿದೆ. ಇದನ್ನು ಆ ಹೆಂಗಸಿಗೆ ಏಕೆ ಹೇಳಿದೆನೋ, ದೇವರೇ ಬಲ್ಲ.

ಬೈಯುತ್ತಾಳೆ ಅಂದುಕೊಂಡಿದ್ದೆ. ಏಪ್ರನ್ನಿಗೆ ಕೈ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಆ ನೆಟ್ಟಗಿರೋ ದಾರೀಲೇ ಯಾಕಪ್ಪಾ ಹೋಗ್ಬೇಕು? ನನ್ನ ಡಚೆಸ್ ಆ ದಾರೀಲಿ ಒಂದು ದಿನಾನೂ ಬಂದಿಲ್ಲ."

"ಮತ್ತೆ ಹೇಗೆ ಬರುತ್ತೆ?"

"ಅವಳಿಗೆ ಮೊಣಕಾಲು ನೋವು, ಮಹಾರಾಣಿ. ನೆತ್ತಿಯಿಂದ ಇಳೀತಾ ಒಣಮರದ ಕೊಳ್ಳಕ್ಕೆ ತಿರುಗ್ತಾಳೆ. ಒಳಗೆ ಹೋಗಿ, ತುದೀಲಿ ಸುತ್ತು ಹೊಡ್ದು, ಆಚೆ ದಂಡೆ ಹಿಡ್ದು ಈಚೆ ಬರ್ತಾಳೆ. ಎಷ್ಟು ಹೊಡೆದ್ರೂ ಅಷ್ಟೇ. ಉಳಿದ ಐದೂ ಅವಳ ಹಿಂದೇನೇ. ಪ್ರತಿ ಸಲಾನೂ ನನಗೆ ಒಂದು ಗಂಟೆ ದಂಡ!"

ಒಣಮರದ ಕೊಳ್ಳ. ಬಾಯಿಂದ ನೋಡಿದರೆ ಬಂಡೆ ಅಡ್ಡ ನಿಂತು ಮುಚ್ಚಿದ ಹಾಗೆ ಕಾಣುತ್ತದೆ. ಆರು ವರ್ಷದ ಹಿಂದೆ ಕುದುರೆಯಿಂದ ಇಳಿಯದೆಯೇ ನಕಾಶೆಯಲ್ಲಿ 'ಕೆಲಸಕ್ಕೆ ಬಾರದ್ದು' ಎಂದು ಬರೆದಿದ್ದೆ.

"ಮಿಸೆಸ್ ಟ್ರೆವೆನಾ, ನಾಳೆ ಹಸುಗಳನ್ನು ಹೊಡೆದುಕೊಂಡು ಹೋಗುವಾಗ ನಾನೂ ಬರಬಹುದಾ?"

"ಬನ್ನಿ. ಆದ್ರೆ ಡಚೆಸ್‌ನ ಅವಸರ ಮಾಡ್ಬಾರ್ದು. ಒದೀತಾಳೆ."

ಸೆಪ್ಟೆಂಬರ್ ೨

ಬಂಡೆಯ ಹಿಂದೆ ಕೊಳ್ಳ ಒಂದು ಮೈಲಿಗಿಂತ ಹೆಚ್ಚು ಒಳಗೆ ಹೋಗುತ್ತದೆ! ಹಸುಗಳು ತುಳಿದ ದಾರಿ ಎರಡೂ ದಂಡೆಯ ಮೇಲೆ, ಗೆರೆ ಎಳೆದ ಹಾಗೆ. ತುದಿಯಲ್ಲಿ ಬಟ್ಟಲಿನಂಥ ಜಾಗ, ಅಲ್ಲಿ ಸುತ್ತು. ಏರಿಳಿತ ಅಳೆಯುವ ನನ್ನ ಮಟ್ಟದ ದುರ್ಬೀನನ್ನು ನಿಲ್ಲಿಸಿದೆ, ಕಣ್ಣಿಟ್ಟೆ, ನಂಬದೆ ಗೆರಾಟಿಯನ್ನು ಕರೆದು ಅವನಿಗೂ ತೋರಿಸಿದೆ. ಡಚೆಸ್‌ನ ದಾರಿ ಎಲ್ಲಿಯೂ ನೂರಡಿಗೆ ನಾಲ್ಕು ದಾಟುವುದಿಲ್ಲ.

ಗೆರಾಟಿ ಟೋಪಿ ತೆಗೆದು ಹಸುವಿಗೆ ನಮಸ್ಕಾರ ಮಾಡಿದ. "ಮೇಡಂ, ನಿಮ್ಗೆ ಯಾವ ಕಾಲೇಜು?"

ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಈ ಬೆಟ್ಟದಲ್ಲಿ ನಾನು ನಕ್ಕದ್ದು ಇದೇ ಮೊದಲು.

ಸೆಪ್ಟೆಂಬರ್ ೬

ನಾಲ್ಕು ದಿನ, ಬೆಳಗಿನಿಂದ ಸಂಜೆವರೆಗೆ. ಹೊಸ ಗೂಟಗಳು ಕೊಳ್ಳದ ಸುತ್ತ ನಿಂತಿವೆ. ಎರಡೂಕಾಲು ಮೈಲಿ ಸಿಕ್ಕಿತು. ಏರು ನೂರಡಿಗೆ ನಾಲ್ಕಡಿಗಿಂತ ಕಡಿಮೆ, ಈ ಸಲ ನಿಜವಾಗಿ. ನಾವು ಮೂರು ಸಲ ಅಳೆದೆವು. ಸೊಂಟದ ವಿಷಯ ಬರೆಯಬೇಕೆಂದಿದ್ದೆ, ಮರೆತೇಹೋಗಿದೆ.

ಸೆಪ್ಟೆಂಬರ್ ೭

ಕಿಟ್ರೆಜ್ ಬಂದ. ಬಿಳಿ ಕಾಲರು, ಕಂಕುಳಲ್ಲಿ ಕಾಗದದ ಕಟ್ಟು. ಜಗಳಕ್ಕೆ ಸಜ್ಜಾಗಿಯೇ ಬಂದಿದ್ದಾನೆಂದು ಮುಖ ನೋಡಿದರೇ ತಿಳಿಯುತ್ತಿತ್ತು.

ಅವನು ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ. ಹೊಸದನ್ನು ತೋರಿಸಿ ಹಳೆಯದನ್ನು ಮುಚ್ಚಿಡಬಹುದಿತ್ತು. ರಾತ್ರಿಯಿಡೀ ಹಾಗೆಂದೇ ಯೋಚಿಸಿದ್ದೆ. ಬಾಯಿ ಕೇಳಲಿಲ್ಲ.

"ಮಿಸ್ಟರ್ ಕಿಟ್ರೆಜ್, ನಿಮ್ಮ ಕಿಸೆ ಯಂತ್ರ ಹೇಳಿದ್ದು ಸರಿ. ನಾನು ತಪ್ಪಿದ್ದೆ. ಜಮೀನಿನ ಸರಪಳಿಯಲ್ಲಿ ಅಳೆದು ರೈಲಿನ ಸರಪಳಿ ಅಂತ ಲೆಕ್ಕ ಹಾಕಿದೆ. ಗೆರಾಟಿ ಅವತ್ತೇ ಎಚ್ಚರಿಸಿದ್ದ, ನಾನು ಕೇಳಲಿಲ್ಲ."

ಅವನು ಕಂಕುಳ ಕಟ್ಟನ್ನು ನೋಡಿಕೊಂಡ.

"ನಿಮ್ಮನ್ನು ಖಂಡಿಸೋಕೆ ಹದಿನಾಲ್ಕು ಪುಟ ಬರೆದಿದ್ದೆ, ಸರ್."

"ಚಳಿ ಇದೆ. ಒಲೆಗೆ ಹಾಕಿ."

ಗೆರಾಟಿ ಮೊದಲು ನಕ್ಕ. ಆಮೇಲೆ ಕಿಟ್ರೆಜ್ ಕೂಡ ನಕ್ಕ. ನಕ್ಕಾಗ ಅವನು ತೀರ ಕೆಟ್ಟವನ ಹಾಗೆ ಕಾಣುವುದಿಲ್ಲ.

ಸೆಪ್ಟೆಂಬರ್ ೧೧

ಮೂರು ದಿನ ಕಿಟ್ರೆಜ್ ನಮ್ಮ ಜೊತೆ ಕೊಳ್ಳದಲ್ಲಿ ಅಳೆದ. ಕಾಲರು ಬಿಚ್ಚಿಟ್ಟಿದ್ದಾನೆ. ದುರ್ಬೀನಿಗೆ ಕಣ್ಣಿಟ್ಟರೆ ನನಗಿಂತ ಚುರುಕು, ಒಪ್ಪಿಕೊಳ್ಳಬೇಕು. ಲೆಕ್ಕಕ್ಕೆ ಲೆಕ್ಕ ತಾಳೆಯಾಯಿತು. ಆದರೂ ತುದಿಯ ಸುತ್ತಿನಲ್ಲಿ ನಿಂತು ತಲೆಯಾಡಿಸಿದ.

"ಏರು ಸರಿ, ಸರ್. ಆದ್ರೆ ತಿರುವು ಬಿಗಿ. ಓಡಿ ಬಂದ ಇಂಜಿನ್ ಆ ರಭಸದಲ್ಲೇ ಹತ್ತಿಬಿಡಬಹುದು, ಅದು ದೊಡ್ಡದಲ್ಲ. ಈ ತಿರುವಲ್ಲೇ ನಿಂತು ಮತ್ತೆ ಹೊರಟರೆ ಮಾತ್ರ ನಾನು ನಂಬ್ತೀನಿ."

ಅಷ್ಟಾದರೂ ವರದಿಯಲ್ಲಿ 'ಕಟ್ಟಬಹುದು' ಎಂದು ಸಹಿ ಹಾಕಿದ. ನಾನು ನನ್ನ ತಪ್ಪನ್ನು ಪೂರ್ತಿ ಬರೆದು, ರಾಜೀನಾಮೆಯನ್ನೂ ಅದರ ಜೊತೆಗಿಟ್ಟು ಕಳಿಸಿದೆ.

ಅಕ್ಟೋಬರ್ ೨

ತಂತಿ ಬಂತು. ಕೆಳಗಿನ ತಂತಿ ಕಚೇರಿಯಿಂದ ಸವಾರ ತಂದುಕೊಟ್ಟ. ಕನ್ನಡಕ ಸಿಗಲಿಲ್ಲ, ಗೆರಾಟಿಗೆ ಓದು ಬಾರದು, ಕೊನೆಗೆ ಮಿಸೆಸ್ ಟ್ರೆವೆನಾ ಓದಿದಳು: 'ಕೊಳ್ಳದ ದಾರಿಗೆ ಒಪ್ಪಿಗೆ. ಗೆರೆ ತಪ್ಪಿದ ಮನುಷ್ಯನೇ ಗೆರೆ ಕಟ್ಟಿ ಮುಗಿಸಲಿ. ರಾಜೀನಾಮೆ ಅಲ್ಲಿಯವರೆಗೆ ಡ್ರಾಯರಿನಲ್ಲಿ.'

ಓದಿ ಮುಗಿಸಿದವಳೇ ಅಳತೊಡಗಿದಳು. ನಾನೂ ಅತ್ತೆ. ಬರೆಯಲು ನಾಚಿಕೆಯೇನಿಲ್ಲ.

೧೮೭೩, ಸೆಪ್ಟೆಂಬರ್ ೨೦, ಶನಿವಾರ. ಕ್ಲೆಮೆನ್ಸಿ

ಬಂತು! ರೈಲು ಬಂತು! ಸಮಾಧಾನವಾಗಿ ಬರೆಯುತ್ತೇನೆ.

ಬೆಳಿಗ್ಗೆ ಎಂಟಕ್ಕೆ ತೊರೆಯಿಂದ ಹೊರಟೆವು. ಇಂಜಿನ್, ಮೂರು ಡಬ್ಬಿ. ಒಂದರಲ್ಲಿ ನಿರ್ದೇಶಕರು, ಉದ್ದ ಟೋಪಿಗಳು, ಚುಟ್ಟಾ ಹೊಗೆ. ಕಿಟ್ರೆಜ್ ನನ್ನ ಪಕ್ಕ. ಹೊರಡುವ ಮುಂಚೆ ನಾನು ಡ್ರೈವರನ ಕಿವಿಯಲ್ಲಿ ಹೇಳಿದ್ದೆ: "ಕೊಳ್ಳದ ತಿರುವಲ್ಲಿ ಏನೇ ಆದರೂ ನಿಲ್ಲಿಸಬೇಡ. ಉಗಿ ಪೂರ್ತಿ ಬಿಟ್ಟು ಓಡಿಸಿಬಿಡು." ಹೌದು, ಹೆದರಿದ್ದೆ. ಹನ್ನೊಂದು ತಿಂಗಳು ಕಟ್ಟಿಸಿದ ಮೇಲೂ ಹೆದರಿಕೆ ಹೋಗಿರಲಿಲ್ಲ.

ಕೊಳ್ಳದೊಳಗೆ ಬಂದೆವು. ತಿರುವು ಬಂತು. ಡ್ರೈವರ್ ಸೀಟಿ ಹೊಡೆದ. ಮತ್ತೆ ಹೊಡೆದ. ಮೂರನೇ ಸಲ ಹೊಡೆದು ಬ್ರೇಕು ಎಳೆದ. ನಿರ್ದೇಶಕರ ಟೋಪಿಗಳೆಲ್ಲ ಉರುಳಿದವು.

ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಹಳಿಯ ನಡುವೆ, ತಿರುವಿನ ಸರಿಯಾಗಿ ಮಧ್ಯದಲ್ಲಿ, ಡಚೆಸ್ ನಿಂತಿದ್ದಳು. ಮೆಲುಕು ಹಾಕುತ್ತಿದ್ದಳು.

ಡ್ರೈವರ್ ಬೈದ. ಗೆರಾಟಿ ಇಳಿದು ಓಡಿ ಟೋಪಿ ಬೀಸಿದ. ಡಚೆಸ್ ಅವನನ್ನು ನೋಡಿ ಕಿವಿ ಅಲ್ಲಾಡಿಸಿದಳು, ಅಷ್ಟೇ. ದಂಡೆಯ ಮೇಲಿಂದ ಮಿಸೆಸ್ ಟ್ರೆವೆನಾ ಕೋಲು ಹಿಡಿದು ಇಳಿದು ಬಂದಳು, ಹಬ್ಬದ ಬಟ್ಟೆ ಉಟ್ಟಿದ್ದಳು.

"ಕೂಗಾಡ್ಬೇಡ್ರೋ! ದಾರಿ ತೋರ್ಸಿದೋಳು ಅವಳು. ಮೊದ್ಲು ಅವಳು ದಾಟ್ಲಿ, ಆಮೇಲೆ ನಿಮ್ಮ ಉಗಿ ಕೆಟಲು!"

ಡಚೆಸ್ ತನಗೆ ತೋಚಿದಾಗ ದಾಟಿದಳು. ಐದೂ ಹಿಂದೆ ಹೋದವು. ಕಿಟ್ರೆಜ್ ನನ್ನ ಮುಖ ನೋಡಿದ, ನಾನು ಅವನ ಮುಖ. ತಿರುವಿನಲ್ಲಿ ರೈಲು ನಿಂತುಬಿಟ್ಟಿತ್ತು.

ಡ್ರೈವರ್ ಉಗಿ ಬಿಟ್ಟ. ಚಕ್ರ ನಿಂತಲ್ಲೇ ತಿರುಗಿತು, ಕಿಡಿ ಹಾರಿತು. ಮತ್ತೆ ಬಿಟ್ಟ, ಮತ್ತೆ ಜಾರಿತು. ಗೆರಾಟಿ ಎರಡೂ ಕೈಯಲ್ಲಿ ಮರಳು ತುಂಬಿ ಹಳಿಯ ಮೇಲೆ ಸುರಿಯತೊಡಗಿದ. ಕಿಟ್ರೆಜ್ ಇಳಿದು ಓಡಿದ, ತನ್ನ ಟೋಪಿಯ ತುಂಬ ಮರಳು ಮೊಗೆದ. ನಾನು ಯಾವಾಗ ಇಳಿದೆನೋ ಗೊತ್ತಿಲ್ಲ, ನನ್ನ ಟೋಪಿಯಲ್ಲೂ ಮರಳು. ಮೂರನೇ ಸಲ ಉಗಿ ಬಿಟ್ಟಾಗ ಇಂಜಿನ್ ಒಮ್ಮೆ ನರಳಿ, ಹಳಿ ಕಚ್ಚಿತು. ಒಂದು ಗೇಣು. ಒಂದು ಗಜ. ಡಬ್ಬಿಗಳು ಒಂದನ್ನೊಂದು ಎಳೆದುಕೊಂಡು ಹೊರಟವು, ಏರಿನ ಮೇಲೆ, ತಿರುವಿನಲ್ಲಿ, ನಿಂತ ಜಾಗದಿಂದ!

"ನಂಬಿದೆ!" ಎಂದು ಕಿಟ್ರೆಜ್ ಕಿರುಚಿ ನನ್ನನ್ನು ಅಪ್ಪಿಕೊಂಡ. "ನಂಬಿದೆ ಸರ್, ನಂಬಿದೆ!"

"ಅಪ್ಪಿಕೊಂಡಿದ್ದು ಸಾಕು, ಗಾಡಿ ಹೋಗ್ತಿದೆ, ಓಡ್ರಿ!" ಎಂದ ಗೆರಾಟಿ. ಮೂವರೂ ಓಡಿ ಹತ್ತಿಕೊಂಡೆವು. ಮಿಸೆಸ್ ಟ್ರೆವೆನಾಳನ್ನು ಕೈ ಹಿಡಿದು ಎಳೆದುಕೊಂಡೆ. ಎಂಟು ನೂರು ಜನ ಕ್ಲೆಮೆನ್ಸಿಯಲ್ಲಿ ಕಾಯುತ್ತಿದ್ದರು. ರೈಲಿನಿಂದ ಮೊದಲು ಇಳಿದವಳು ಅವಳೇ. ಇಳಿದು, ಗಂಡನ ಸಮಾಧಿ ಇರುವ ಗುಡ್ಡದ ಕಡೆ ತಿರುಗಿ, "ಬಂತು ಕಣ್ರೀ" ಎಂದಳು, ಪಕ್ಕದ ಕೋಣೆಯವರಿಗೆ ಹೇಳುವ ಹಾಗೆ.

ಸೆಪ್ಟೆಂಬರ್ ೨೨, ಸೋಮವಾರ

ನಿನ್ನೆ ನಕಾಶೆ ಬರೆಯುವವನು ಬಂದಿದ್ದ. ಹಳೆಯ ಹಾಳೆಯಲ್ಲಿ ನನ್ನ ಹೆಸರಿದ್ದ ಜಾಗವನ್ನು ಕೆರೆದು 'ಟ್ರೆವೆನಾ ಘಾಟಿ' ಎಂದೂ, ತಿರುವಿಗೆ 'ಡಚೆಸ್ ತಿರುವು' ಎಂದೂ ಬರೆಯಲು ಹೇಳಿದೆ. ಶಾಯಿ ಸರಿಯಾಗಿ ಕೆರೆಯಲು ಬರುವುದಿಲ್ಲ ಎಂದು ಗೊಣಗಿದ.

ನಿರ್ದೇಶಕರು ಡ್ರಾಯರಿನಲ್ಲಿದ್ದ ರಾಜೀನಾಮೆಯನ್ನು ಜೊತೆಗೇ ತಂದಿದ್ದರು, ನನ್ನ ಎದುರಿಗೇ ಹರಿಯಲು ಹೋದರು. ಬೇಡ, ಇರಲಿ ಅಂದೆ. ನನ್ನ ಕುರ್ಚಿ ಕಿಟ್ರೆಜ್‌ಗೆ. ಪಶ್ಚಿಮದಲ್ಲಿ ಇನ್ನೊಂದು ಕಣಿವೆ ಇದೆ, ಇನ್ನೂ ಯಾರೂ ಅಳೆದಿಲ್ಲ. ಅಲ್ಲಿಗೆ ಒಬ್ಬ ಮನುಷ್ಯ ಬೇಕಂತೆ.

ಇವತ್ತು ಬೆಳಿಗ್ಗೆಯೇ ಹೊರಟೆವು. ಕಾಫಿ ನಾನು ಮಾಡಿದೆ, ಯಾರೂ ಬೈಯಲಿಲ್ಲ. ಮೊದಲ ಗೂಟ ಹೊಡೆದಾದ ಮೇಲೆ ಗೆರಾಟಿ ಸರಪಳಿಯನ್ನು ಬಿಚ್ಚಿ, ಎರಡು ಸಲ ಉದ್ದ ನೋಡಿ, ಅದರ ತುದಿಯನ್ನು ನನ್ನ ಕೈಗೆ ಕೊಟ್ಟ.

"ಕ್ಯಾಪ್ಟನ್ರೇ, ನೀವು ಎಳೀರಿ. ಲೆಕ್ಕ ನಾನು ನೋಡ್ಕೋತೀನಿ."

ಎಳೆದೆ.